ಗೇಟಿನಿಂದ ಹಾಸಿಗೆಯವರೆಗೆ

ನೆಸ್ಕೋ ಎಂದರೆ ಗೋರೆಗಾಂವಿನವರಿಗೆ ಮೊದಲು ನೆನಪಾಗುವುದು ನವರಾತ್ರಿಯ ಗರ್ಬಾ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಮಗ್ಗುಲಿಗಿರುವ ಈ ಆವರಣದಲ್ಲಿ ಒಂದು ಕಾಲಕ್ಕೆ ಯಂತ್ರಗಳು ತಯಾರಾಗುತ್ತಿದ್ದವು. ಆಮೇಲೆ ದೊಡ್ಡ ದೊಡ್ಡ ಹಾಲ್‌ಗಳು ಎದ್ದು ಬಾಂಬೆ ಎಕ್ಸಿಬಿಷನ್ ಸೆಂಟರ್ ಆಯಿತು. ಟೈಲ್ಸು, ನಲ್ಲಿ, ಪ್ಯಾಕಿಂಗ್ ಯಂತ್ರ, ಒಡವೆ, ಔಷಧ, ಹೀಗೆ ಯಾವ ವ್ಯಾಪಾರದ ಮೇಳವೂ ಇಲ್ಲಿ ನಡೆಯಬಹುದು. ಕೊರಳಿಗೆ ಕಾರ್ಡು ನೇತು ಹಾಕಿಕೊಂಡ ಸೂಟುಧಾರಿಗಳು ರಾಮ್ ಮಂದಿರ್ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರೆ ನೆಸ್ಕೋದಲ್ಲಿ ಏನೋ ಇದೆ ಎಂದು ಲೆಕ್ಕ. ಮೇಳ ಮುಗಿದ ರಾತ್ರಿಯೇ ಮಳಿಗೆಗಳ ಹಲಗೆ ಕಳಚಿ, ಕಾರ್ಪೆಟ್ಟು ಸುತ್ತಿ ಲಾರಿಗೇರಿಸುವ ಹುಡುಗರು ಬೆಳಗಾಗುವುದರೊಳಗೆ ಹಾಲನ್ನು ಬರಿದು ಮಾಡಿರುತ್ತಾರೆ.

2020ರ ಜೂನ್ ಹೊತ್ತಿಗೆ ಇದೇ ಹಾಲ್‌ಗಳಲ್ಲಿ ಮಂಚಗಳ ಸಾಲು ಬಂತು. ಮುಂಬೈಯಲ್ಲಿ ಮೊದಲ ಕೊರೋನಾ ಸೋಂಕು ಪತ್ತೆಯಾದದ್ದು ಮಾರ್ಚ್ 11ಕ್ಕೆ. ಮೂರು ತಿಂಗಳು ತುಂಬುವ ಮೊದಲೇ ಕಸ್ತೂರ್ಬಾ, ಕೆಇಎಂ, ನಾಯರ್, ಸಯನ್, ಕೂಪರ್ ಆಸ್ಪತ್ರೆಗಳೆಲ್ಲ ಉಕ್ಕಿ ಹರಿದಿದ್ದವು. ಮಹಾನಗರಪಾಲಿಕೆ ವರ್ಲಿಯ ಕ್ರೀಡಾ ಡೋಮ್, ಬಾಂದ್ರಾ ಕುರ್ಲಾ ಸಂಕೀರ್ಣದ ಮೈದಾನ, ಮುಲುಂಡ್, ದಹಿಸರ್ ಎಂದು ಖಾಲಿ ಜಾಗ ಕಂಡಲ್ಲೆಲ್ಲ ತಾತ್ಕಾಲಿಕ ಆಸ್ಪತ್ರೆ ಹೂಡಿತು. 'ಜಂಬೋ ಸೆಂಟರ್' ಎಂಬ ಹೆಸರು ಜನರ ಬಾಯಲ್ಲಿ ನಿಂತಿತು. ನೆಸ್ಕೋದ್ದು ಸಾವಿರಕ್ಕೂ ಮೇಲ್ಪಟ್ಟ ಹಾಸಿಗೆಯ ಆಸ್ಪತ್ರೆ. ಅದನ್ನು ನಡೆಸಿದ ಡೀನ್ ಡಾ. ನೀಲಂ ಅಂದ್ರಾದೆ ನಾಯರ್ ದಂತ ವೈದ್ಯಕೀಯ ಕಾಲೇಜಿನ ಡೀನ್ ಆಗಿದ್ದವರು. ಹಲ್ಲಿನ ಡಾಕ್ಟರು ಉಸಿರಿನ ಆಸ್ಪತ್ರೆ ನಡೆಸಬೇಕಾದ ಕಾಲ ಅದು. ಮಹಾರಾಷ್ಟ್ರ ಸರಕಾರ ಮೇ ತಿಂಗಳಲ್ಲೇ ಖಾಸಗಿ ವೈದ್ಯರೂ ಕಡಿಮೆಯೆಂದರೆ 15 ದಿನ ಕೋವಿಡ್ ಡ್ಯೂಟಿ ಮಾಡಬೇಕೆಂದು ಆದೇಶ ಹೊರಡಿಸಿತ್ತು. ಶಾಲಾ ಮಾಸ್ತರರು ಫೋನು ಹಿಡಿದು ರೋಗಿಗಳ ಪಟ್ಟಿ ಬರೆಯುತ್ತಿದ್ದರು. ಇಂಥದ್ದರಲ್ಲಿ ಹೋಟೆಲಿನ ಗಲ್ಲೆಯಲ್ಲಿ ಕೂತವನು ಆಸ್ಪತ್ರೆಯ ಗೇಟಿಗೆ ಬಂದು ನಿಂತರೆ ಯಾರೂ ಹುಬ್ಬೇರಿಸಲಿಲ್ಲ.

ನಾನು ಬಲ್ಲ ಅಂಥವರೊಬ್ಬರಿದ್ದಾರೆ. ಊರು ಕಾರ್ಕಳದ ಆಚೆ. ಗೋರೆಗಾಂವ್ ಪೂರ್ವದಲ್ಲಿ, ಸೋನಾವಾಲಾ ರೋಡಿನ ಭಾರತ್ ಬ್ಯಾಂಕಿನ ಕಚೇರಿಯಿಂದ ತುಸು ದೂರದಲ್ಲಿ, ಒಂದು ಉಡುಪಿ ಹೋಟೆಲಿನ ಗಲ್ಲೆ ನೋಡಿಕೊಳ್ಳುವವರು. ಹೆಸರು ಹಾಕಬೇಡಿ ಎಂದಿದ್ದಾರೆ. ಹೋಟೆಲಿನ ಹುಡುಗರು ಮಾಮ ಎನ್ನುತ್ತಾರೆ; ನಾವೂ ಹಾಗೇ ಅನ್ನೋಣ.

ಲಾಕ್‌ಡೌನಿನಲ್ಲಿ ಹೋಟೆಲು ಮುಚ್ಚಿತು. ಮಾಳಿಗೆಯ ಮೇಲೆ ಮಲಗುವ ಹುಡುಗರು ಅಲ್ಲೇ ಸಿಕ್ಕಿಬಿದ್ದರು. ಲೋಕಲ್ ಇಲ್ಲ, ಊರಿಗೆ ಬಸ್ಸಿಲ್ಲ. ಮೇ 18ಕ್ಕೆ ಕರ್ನಾಟಕವೇ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಹಾಕಿತು. ಅಷ್ಟರೊಳಗೆ ಪಾಸು ಸಿಕ್ಕಿ ಹೋದವರು ಉಡುಪಿಯ ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆಗಿದ್ದರು. ಊರಿನ ಪತ್ರಿಕೆಗಳಲ್ಲಿ ದಿನವೂ 'ಮುಂಬೈ ನಂಟು' ಎಂಬ ತಲೆಬರಹ. ಐವತ್ತು ವರ್ಷ ಊರಿನ ದೈವಸ್ಥಾನಕ್ಕೆ, ಶಾಲೆಗೆ, ತಂಗಿಯ ಮದುವೆಗೆ ಹಣ ಕಳಿಸಿದ ನಂಟು ಏಕಾಏಕಿ ಬೇಡವಾದದ್ದನ್ನು ಮಾಮ ಇವತ್ತಿಗೂ ನಗುತ್ತಲೇ ಹೇಳುತ್ತಾರೆ. ಆ ನಗು ನನಗೇನೂ ಹಗುರವಾಗಿ ಕೇಳಿಸುವುದಿಲ್ಲ.

ಮಾಲಕರು ಅಕ್ಕಿ ಬೇಳೆ ಇಟ್ಟಿದ್ದರು. ಹುಡುಗರಿಗೆ ಕೈಗೆ ಕೆಲಸವಿರಲಿಲ್ಲ. ಸುಮ್ಮನೆ ಕೂರುವುದಕ್ಕಿಂತ ಎಂದು ಇಡ್ಲಿ ಮಾಡಿ ಆಂಬುಲೆನ್ಸ್ ಡ್ರೈವರುಗಳಿಗೆ, ಹೈವೇ ನಾಕಾಬಂದಿಯ ಪೊಲೀಸರಿಗೆ ಕೊಡತೊಡಗಿದರು. ಹಾಗೆ ಪಾರ್ಸೆಲ್ಲು ಹಿಡಿದು ನೆಸ್ಕೋ ಗೇಟಿಗೆ ಹೋದ ಒಂದು ಸಂಜೆ, ಒಳಗಿನಿಂದ ಬಂದ ಒಬ್ಬ ಸಿಸ್ಟರ್, "ತುಮಚ್ಯಾತ್ ಕೋಣಾಲಾ ಕಾನಡೀ ಯೇತೆ ಕಾ?" ಎಂದು ಕೇಳಿದರು. ಕನ್ನಡ ಬರುವವರು ಇದ್ದೀರಾ? ಇಡ್ಲಿ ಪಾರ್ಸೆಲ್ಲು ಹುಡುಗನ ಕೈಗೆ ದಾಟಿತು, ಮಾಮ ಸ್ವಯಂಸೇವಕರಾದರು.

ಇಂಥ ತಾತ್ಕಾಲಿಕ ಆಸ್ಪತ್ರೆ ಮುಂಬೈಗೆ ಹೊಸತಲ್ಲ. 1914ರಿಂದ 18ರವರೆಗಿನ ಮಹಾಯುದ್ಧದಲ್ಲಿ ಮೆಸಪೊಟೇಮಿಯಾದ ರಣರಂಗದಿಂದ ಗಾಯಾಳು ಸಿಪಾಯಿಗಳು ಹಡಗುಗಟ್ಟಲೆ ಇಲ್ಲಿಗೆ ಬಂದಿಳಿದರು. ಆಗ ತಾಜ್ ಹೋಟೆಲು 600 ಹಾಸಿಗೆಯ ಆಸ್ಪತ್ರೆಯಾಗಿತ್ತು. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ಗುಮ್ಮಟದ ಕಟ್ಟಡ 1914ರಲ್ಲೇ ಸಿದ್ಧವಾಗಿದ್ದರೂ ಅದರೊಳಗೆ ಮೂರ್ತಿಗಳಿಗಿಂತ ಮೊದಲು ರೋಗಿಗಳು ಬಂದರು. ಮ್ಯೂಸಿಯಂ ಎಂದು ಬಾಗಿಲು ತೆರೆದದ್ದು 1922ರ ಜನವರಿಗೆ. ಅದಕ್ಕೂ ಹಿಂದೆ, 1896ರ ಪ್ಲೇಗಿನಲ್ಲಿ, ಪಾರ್ಸಿಗಳು, ಜೈನರು, ಭಾಟಿಯಾಗಳು ತಂತಮ್ಮ ಸಮುದಾಯಕ್ಕೆ ಬೇರೆ ಬೇರೆ ಪ್ಲೇಗ್ ಆಸ್ಪತ್ರೆ ಕಟ್ಟಿಕೊಂಡಿದ್ದರು. ಪರಜಾತಿಯ ಕೈನೀರು ಕುಡಿಯಬೇಕಾದ ಸರಕಾರಿ ಆಸ್ಪತ್ರೆಗಿಂತ ಮನೆಯಲ್ಲೇ ಸಾಯುವುದು ಮೇಲೆಂದು ಜನ ಅಡಗಿ ಕೂತ ಕಾಲವದು. 2020ರಲ್ಲಿ ಅಧಿಕಾರಿಗಳು ದಿನಕ್ಕೆ ಹತ್ತು ಸಲ ಉಲ್ಲೇಖಿಸಿದ ಸಾಂಕ್ರಾಮಿಕ ರೋಗಗಳ ಕಾಯಿದೆ ಆ ಪ್ಲೇಗಿನ ಕೂಸು, 1897ರದ್ದು. ನೆಸ್ಕೋದಲ್ಲಿ ಪಾರ್ಸಿ ವಾರ್ಡು, ಜೈನ ವಾರ್ಡು ಇರಲಿಲ್ಲ. ಮಲಾಡಿನ ಬಿಲ್ಡರನ ಪಕ್ಕದ ಮಂಚದಲ್ಲಿ ಪಹಾಡಿಯ ಚಾಳಿನ ರಿಕ್ಷಾದವನು. ಒಂದೇ ದಾಲ್, ಒಂದೇ ಚಪಾತಿ.

ಮಹಾಯುದ್ಧದ ಆ ಆಸ್ಪತ್ರೆಗಳಲ್ಲಿ ಸ್ವಯಂಸೇವಕರು ಮಾಡುತ್ತಿದ್ದ ಒಂದು ಮುಖ್ಯ ಕೆಲಸ ಸಿಪಾಯಿಗಳ ಪರವಾಗಿ ಊರಿಗೆ ಕಾಗದ ಬರೆಯುವುದು. ಮಾಮನ ಕೆಲಸವೂ ಅದೇ ಜಾತಿಯದ್ದು. ಸೂಜಿ ಚುಚ್ಚಲಿಲ್ಲ, ಆಕ್ಸಿಜನ್ನಿನ ಕೊಳವೆ ಮುಟ್ಟಲಿಲ್ಲ, ಐಸಿಯುವಿನ ಬಾಗಿಲು ದಾಟಲಿಲ್ಲ. ಗೇಟಿನಲ್ಲಿ ನಿಂತ ಬಂಧುವಿಗೂ ಮಂಚದ ಮೇಲಿದ್ದ ರೋಗಿಗೂ ನಡುವೆ ಇದ್ದ ಸುಮಾರು ಇನ್ನೂರು ಹೆಜ್ಜೆಯನ್ನು ದಿನವಿಡೀ ನಡೆದರು. ಕೋವಿಡ್ ಆಸ್ಪತ್ರೆಯಲ್ಲಿ ಇಲ್ಲದೇ ಇದ್ದದ್ದು ಔಷಧಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಕೂರುವ ಮನೆಯವರು. ನಮ್ಮ ಆಸ್ಪತ್ರೆಗಳು ನಡೆಯುವುದೇ ಮನೆಯವರಿಂದ. ಗಂಜಿ ತರುವವರು, ರಿಪೋರ್ಟಿಗೆ ಓಡುವವರು, ಮಗ್ಗುಲು ಬದಲಿಸುವವರು, ಡಾಕ್ಟರ ಹಿಂದೆ ಬೀಳುವವರು, ರಾತ್ರಿ ಮಂಚದ ಕೆಳಗೆ ಚಾಪೆ ಹಾಸಿ ಮಲಗುವವರು ಎಲ್ಲ ಅವರೇ. ಅವರನ್ನೆಲ್ಲ ಗೇಟಿನ ಹೊರಗೆ ನಿಲ್ಲಿಸಿದ ಮೇಲೆ ಆಸ್ಪತ್ರೆ ಅರ್ಧಕ್ಕರ್ಧ ಖಾಲಿ. ಆ ಖಾಲಿ ಜಾಗ ಸ್ವಯಂಸೇವಕರ ಪಾಲಿಗೆ ಬಂತು.

ಗೇಟಿನಲ್ಲಿ ಬೆಳಗ್ಗೆಯಿಂದಲೇ ಚೀಲಗಳು. ಬಿಗ್ ಬಜಾರಿನದ್ದು, ಸೀರೆ ಅಂಗಡಿಯದ್ದು, ಊರಿನ ಜವಳಿ ಮಳಿಗೆಯ ಹೆಸರಿದ್ದ ಬಟ್ಟೆ ಚೀಲ. ಒಂದೊಂದಕ್ಕೂ ಪಿನ್ನು ಚುಚ್ಚಿದ ಚೀಟಿ: ಹೆಸರು, ಹಾಲ್ ನಂಬರು, ಬೆಡ್ ನಂಬರು. ಬೆಡ್ ನಂಬರು ಗೊತ್ತಿಲ್ಲದವರೇ ಹೆಚ್ಚು. "ಬಿಳಿ ಗಡ್ಡ ಇದೆ, ಸ್ವಲ್ಪ ಕಿವಿ ದೂರ" ಎನ್ನುತ್ತಿದ್ದರಂತೆ. ಒಳಗಿದ್ದ ಬಿಳಿ ಗಡ್ಡಗಳಿಗೆ ಲೆಕ್ಕವಿತ್ತೇ!

ಮೊದಮೊದಲು ಮಾಮ ಬಂದ ಚೀಲವನ್ನು ತೆಗೆದುಕೊಂಡು ಹೋಗುತ್ತಿದ್ದರು, ಅಷ್ಟೆ. ಕೆಲವೇ ದಿನಗಳಲ್ಲಿ ಗೇಟಿನಲ್ಲೇ ಪ್ರಶ್ನೆ ಕೇಳುವುದು ರೂಢಿಯಾಯಿತು. ಹಲ್ಲಿನ ಸೆಟ್ ತಂದಿದ್ದೀರಾ? ಕನ್ನಡಕ? ಕಿವಿಯ ಮೆಷಿನ್ನಿನ ಬ್ಯಾಟರಿ? ಫೋನಿನ ಚಾರ್ಜರು? ಉಸಿರು ಕಟ್ಟಿದವರನ್ನು ಆಂಬುಲೆನ್ಸಿಗೆ ಹತ್ತಿಸುವ ಅವಸರದಲ್ಲಿ ಮನೆಯವರು ಆಧಾರ್ ಕಾರ್ಡು ಮರೆಯುವುದಿಲ್ಲ, ಹಲ್ಲಿನ ಸೆಟ್ಟು ಬಚ್ಚಲಿನ ಲೋಟದಲ್ಲೇ ಉಳಿಯುತ್ತದೆ. ಹಲ್ಲಿಲ್ಲದ ಅಜ್ಜನಿಗೆ ಆಸ್ಪತ್ರೆಯ ಚಪಾತಿ ಹೇಗೆ ಇಳಿದೀತು? ಊಟ ಬಿಟ್ಟಿದ್ದಾರೆ ಎಂದು ಕೇಸ್ ಪೇಪರಿನಲ್ಲಿ ಬರೆದುಕೊಂಡ ಹುಡುಗ ಡಾಕ್ಟರಿಗೆ ಕಾರಣ ತಿಳಿಯುವ ಬಗೆ ಇರಲಿಲ್ಲ. ಅಜ್ಜನ ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್. ಕನ್ನಡಕ ಇಲ್ಲದವರಿಗೆ ಫೋನಿನಲ್ಲಿ ಮಗನ ನಂಬರು ಕಾಣದು. ಚಾರ್ಜರು ಇಲ್ಲದಿದ್ದರೆ ಎರಡನೇ ದಿನಕ್ಕೆ ಮನುಷ್ಯನೇ ಕಾಣೆಯಾದ ಹಾಗೆ. ಆ ತಿಂಗಳುಗಳಲ್ಲಿ ಗೋರೆಗಾಂವಿನಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಯಾವುದೆಂದು ಕೇಳಿದರೆ ಮಾಮ ರೆಮ್ಡೆಸಿವಿರ್ ಎನ್ನುವುದಿಲ್ಲ, ಉದ್ದ ವೈರಿನ ಚಾರ್ಜರು ಎನ್ನುತ್ತಾರೆ.

ಚೀಲದೊಳಗೆ ಏನೇನು ಇರುತ್ತಿತ್ತು ಎಂಬುದನ್ನು ಅವರು ವರ್ಣಿಸುವಾಗ ಕೇಳಬೇಕು. ಎರಡು ಲುಂಗಿ, ಬೈರಾಸು, ಅಮೃತಾಂಜನ, ಗಾಜಿನ ಬಾಟಲಿಯಲ್ಲಿ ತುಪ್ಪ, ಊರಿನ ಕಷಾಯ ಪುಡಿ, ಕಟೀಲಿನ ಪ್ರಸಾದದ ಪೊಟ್ಟಣ, ಕುಂಕುಮದ ಭರಣಿ, ಮೊಮ್ಮಗಳು ಬಣ್ಣ ಹಚ್ಚಿದ ಚಿತ್ರ. ಗಾಜು ಒಳಗೆ ಬಿಡುವಂತಿಲ್ಲ. ಕಷಾಯದ ಪುಡಿಗೆ ಬಿಸಿನೀರು ಎಲ್ಲಿಂದ? ಕೊಟ್ಟವರೆದುರು ವಾಪಸು ಮಾಡಿದರೆ ನೋವು, ಒಯ್ದರೆ ನಿಯಮ ತಪ್ಪುತ್ತದೆ. ಗಾಜಿನ ಬಾಟಲಿ ಗೇಟಿನ ಕಟ್ಟೆಯ ಹಿಂದೆ ಉಳಿದು, ತುಪ್ಪ ಪ್ಲಾಸ್ಟಿಕ್ ಡಬ್ಬಿಗೆ ಇಳಿದು ಒಳಗೆ ಹೋಗುತ್ತಿತ್ತು. ಹೋಟೆಲಿನವರಿಗೆ ಇಂಥ ವ್ಯವಸ್ಥೆ ಹೇಳಿಕೊಡಬೇಕೆ.

ಒಳಗೆ ಹೋಗುವುದೆಂದರೆ ಪಿಪಿಇ ಕಿಟ್ ತೊಡುವುದು. ಬಿಳಿಯ ಒಂಟಿ ಅಂಗಿ, ಎರಡು ಜೊತೆ ಕೈಗವಸು, ಎನ್-95, ಮೇಲೊಂದು ಮಾಸ್ಕು, ಮುಖಕ್ಕೆ ಪಾರದರ್ಶಕ ಕವಚ, ಕಾಲಿಗೆ ಚೀಲ. ಹಾಲು ಎತ್ತರದ್ದೇ, ಫ್ಯಾನು ತಿರುಗುತ್ತಿತ್ತು. ಆದರೂ ಮುಂಬೈಯ ಜೂನಿನ ಸೆಕೆಗೆ ಅಂಗಿಯೊಳಗೆ ಬೆವರು ಬೆನ್ನಿನಿಂದ ಇಳಿದು ಹಿಮ್ಮಡಿಯಲ್ಲಿ ನಿಲ್ಲುತ್ತಿತ್ತು. ಒಮ್ಮೆ ತೊಟ್ಟರೆ ಪಾಳಿ ಮುಗಿಯುವವರೆಗೆ ನೀರಿಲ್ಲ, ಬಾತ್‌ರೂಮಿಲ್ಲ. ತೊಡುವುದಕ್ಕಿಂತ ಕಳಚುವುದೇ ಅಪಾಯ ಎಂಬ ಪಾಠ ಮೊದಲ ದಿನವೇ ಆಗಿತ್ತು. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಸಲ ಸ್ಯಾನಿಟೈಸರು ಎಂಬುದು ಬಾಯಿಪಾಠ. ಮಗ್ಗಿ ಕಲಿತ ಮೇಲೆ ಇಷ್ಟು ಶ್ರದ್ಧೆಯಿಂದ ಏನನ್ನೂ ಕಲಿತಿರಲಿಲ್ಲವಂತೆ.

ಆ ಬಿಳಿ ಚೀಲದೊಳಗೆ ಎಲ್ಲರೂ ಒಂದೇ ರೂಪ. ಡಾಕ್ಟರು ಯಾರು, ಕಸ ತೆಗೆಯುವವರು ಯಾರು ಗೊತ್ತಾಗದು. ಅದಕ್ಕೆ ಬೆನ್ನ ಮೇಲೆ, ಎದೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಮಾಮ ಹೆಸರು ಬರೆಯಲಿಲ್ಲ. ಎದೆಯ ಮೇಲೆ ದೊಡ್ಡದಾಗಿ ಕನ್ನಡ ಲಿಪಿಯಲ್ಲಿ 'ಕನ್ನಡ', ಅದರ ಕೆಳಗೆ 'ತುಳು' ಎಂದು ಬರೆಸಿಕೊಂಡರು. ಓದಲು ಬಂದವರು ಕೈಯೆತ್ತಿ ಕರೆಯುತ್ತಿದ್ದರು. ಓದಲು ಬಾರದವರಿಗೆ ದನಿ ಸಾಕಿತ್ತು. ಸಾಲು ಸಾಲಿನ ನಡುವೆ ನಡೆಯುತ್ತ "ವಣಸ್ ಆಂಡಾ?" ಎಂದು ಸ್ವಲ್ಪ ಗಟ್ಟಿಯಾಗಿ ಅಂದರೆ ಯಾವುದೋ ಮಂಚದಿಂದ ತಲೆಯೊಂದು ಏಳುತ್ತಿತ್ತು. ಊಟ ಆಯಿತೇ ಎಂಬ ಎರಡು ಶಬ್ದಕ್ಕೆ, ಮಾಸ್ಕಿನೊಳಗಿಂದ, ಅಳುವೋ ನಗುವೋ ತಿಳಿಯದ ಉತ್ತರ.

ಕುಂದಾಪುರ ಕಡೆಯ ಒಬ್ಬ ಅಜ್ಜಿ ಇದ್ದರು. ಮಗನ ಮನೆಗೆ ಬಾಣಂತನಕ್ಕೆಂದು ಬಂದವರು ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡು, ಸೋಂಕು ತಗಲಿ ಇಲ್ಲಿಗೆ ಬಂದಿದ್ದರು. ಹಿಂದಿ, ಮರಾಠಿ ಒಂದಕ್ಷರ ಬಾರದು. ಆಕ್ಸಿಜನ್ ಪ್ರಮಾಣ ಇಳಿಯುತ್ತಿತ್ತು. ಹೊಟ್ಟೆಯ ಮೇಲೆ ಮಲಗಿದರೆ ಶ್ವಾಸಕೋಶದ ಹಿಂಭಾಗಕ್ಕೆ ಗಾಳಿ ಆಡಿ ಪ್ರಮಾಣ ಏರುತ್ತದೆ. ಖರ್ಚಿಲ್ಲದ ಉಪಾಯ, ಆ ರೋಗದಲ್ಲಿ ಬಹಳ ಜನರಿಗೆ ನೆರವಾದದ್ದು. ಸಿಸ್ಟರು ಕೈಸನ್ನೆ ಮಾಡಿ ತೋರಿಸಿದರೂ ಅಜ್ಜಿ ಒಪ್ಪರು. ಮಾಮ ಹೋಗಿ ಕೇಳಿದಾಗ ಕಾರಣ ಹೊರಬಿತ್ತು: ಹೆಣ ಮಗುಚಿ ಹಾಕುವ ಹಾಗೆ ಮಗುಚುತ್ತಾರಲ್ಲ, ನಾನಿನ್ನೂ ಬದುಕಿದ್ದೇನೆ. ಇವರು ತಿದ್ದಲು ಹೋಗಲಿಲ್ಲ. "ಅಲ್ಲಬ್ಯೆ, ಸಣ್ ಮಕ್ಳ್ ಬೋರಲ್ ಮಲ್ಗುದಿಲ್ಯಾ, ಹಾಂಗೆ" ಎಂದರು. ತಲೆದಿಂಬು ಎದೆಯ ಕೆಳಗೊಂದು, ಸೊಂಟದ ಕೆಳಗೊಂದು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನಲ್ಲಿ 88 ಇದ್ದದ್ದು ಸ್ವಲ್ಪ ಹೊತ್ತಿಗೆ 92, ಆಮೇಲೆ 93. ಪಕ್ಕದ ಮಂಚದ ಬೋರಿವಲಿಯ ಗುಜರಾತಿ ಬಾಯಿ ಇದನ್ನು ನೋಡುತ್ತಿದ್ದವರು ತಾವೂ ಸದ್ದಿಲ್ಲದೆ ಮಗುಚಿ ಮಲಗಿದರು.

ಗುಣವಾದವರಿಗೆ ಒಂದು ಪರೀಕ್ಷೆ ಇತ್ತು. ಬೆರಳಿಗೆ ಆಕ್ಸಿಮೀಟರು ಸಿಕ್ಕಿಸಿ ಆರು ನಿಮಿಷ ನಡೆಸುವುದು. ನಡೆದ ಮೇಲೂ ಆಕ್ಸಿಜನ್ ಇಳಿಯದಿದ್ದರೆ ಮನೆಗೆ. ಟೈಲ್ಸು, ನಲ್ಲಿ ನೋಡುತ್ತ ವ್ಯಾಪಾರಿಗಳು ಅಡ್ಡಾಡುತ್ತಿದ್ದ ದಾರಿಯಲ್ಲಿ ಆಸ್ಪತ್ರೆಯ ಅಂಗಿ ತೊಟ್ಟವರು ಗಡಿಯಾರ ನೋಡುತ್ತ ಅಡ್ಡಾಡುತ್ತಿದ್ದರು. ಜೊತೆಗೆ ನಡೆಯಲು ಒಬ್ಬರು ಬೇಕಲ್ಲ, ಮಾಮ ಇದ್ದರು. ಆರು ನಿಮಿಷದಲ್ಲಿ ಮನುಷ್ಯ ತನ್ನ ಇಡೀ ಬದುಕನ್ನು ಹೇಳಿ ಮುಗಿಸಬಲ್ಲ ಎಂದು ಅವರಿಗೆ ತಿಳಿದದ್ದು ಅಲ್ಲಿಯೇ. ಮಾತಾಡಬೇಡಿ, ಉಸಿರು ಉಳಿಸಿ ಎಂದು ಗದರಬೇಕಾಗುತ್ತಿತ್ತು.

ಇನ್ನು ಫೋನು. ಸಂಜೆ ಹೊತ್ತಿಗೆ ವಿಡಿಯೋ ಕಾಲ್. ಕೈನಡುಗುವ ಮುದುಕರ ಮುಖದೆದುರು ಫೋನು ಹಿಡಿದು ನಿಂತರೆ ಆ ಕಡೆ ಮುಲುಂಡಿನ ಮಗಳು, ಮಂಗಳೂರಿನ ತಮ್ಮ, ಮಸ್ಕತ್ತಿನ ಅಳಿಯ. ಬೇರೆಯವರ ಮನೆಯ ಮಾತು ಕೇಳಿಸಿಕೊಳ್ಳಬಾರದು ಎಂದು ಮುಖ ತಿರುಗಿಸಿದರೆ ಫೋನೂ ತಿರುಗುತ್ತದೆ. ಹಾಗಾಗಿ ಎಲ್ಲವನ್ನೂ ಕೇಳಿದರು. ಮನೆ ಯಾರ ಹೆಸರಿಗೆ, ಬಡ್ಡಿ ಎಷ್ಟು ಬಾಕಿ, ಕಪಾಟಿನ ಬೀಗದಕೈ ಯಾವ ಡಬ್ಬಿಯಲ್ಲಿ. ಜಗಳವಾಡಿ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಕಡೆಗೂ ಮಾತಾಡಿದ್ದು ಬಾವಿಯ ನೀರಿನ ಬಗ್ಗೆ. ಇದನ್ನೆಲ್ಲ ಅವರು ಯಾರಿಗೂ ಹೇಳಿಲ್ಲ. ನನಗೂ ಹೆಸರಿಲ್ಲದೆ, ಊರಿಲ್ಲದೆ ಹೇಳಿದ್ದು.

ಆ ವರ್ಷ ಊರತುಂಬ ಎಲ್ಲವೂ ಯುದ್ಧದ ಭಾಷೆಯಲ್ಲೇ ನಡೆಯಿತು. ಮಾರ್ಚ್ 22ರ ಸಂಜೆ ಬಾಲ್ಕನಿಗಳಲ್ಲಿ ಚಪ್ಪಾಳೆ, ಜಾಗಟೆ. ಮೇ 3ರಂದು ಆಸ್ಪತ್ರೆಗಳ ಮೇಲೆ ವಾಯುಪಡೆಯ ಹೆಲಿಕಾಪ್ಟರುಗಳಿಂದ ಹೂಮಳೆ. ವೈದ್ಯರು ಕೊರೋನಾ ಯೋಧರು. ಪಾಲಿಕೆಯ 24 ವಾರ್ಡುಗಳಲ್ಲಿ ಹಾಸಿಗೆ ಹಂಚುವ ಕೋಣೆಗಳ ಹೆಸರೇ ವಾರ್ ರೂಮ್. ಗೋರೆಗಾಂವಿನವರಿಗೆ ಪಿ-ದಕ್ಷಿಣ ವಾರ್ಡಿನ ವಾರ್ ರೂಮ್. ಯೋಧರೇನೋ ಸರಿ, ಆದರೆ ಡ್ಯೂಟಿ ಮುಗಿಸಿ ಬಂದ ನರ್ಸುಗಳನ್ನು ಲಿಫ್ಟಿಗೆ ಹತ್ತಿಸದ ಹೌಸಿಂಗ್ ಸೊಸೈಟಿಗಳೂ ಇದೇ ಊರಿನಲ್ಲಿದ್ದವು. ಹೂ ಎರಚಿದ ದೇಶದಲ್ಲೇ ವೈದ್ಯಸಿಬ್ಬಂದಿಯ ಮೇಲಿನ ಹಲ್ಲೆಗೆ ಏಳು ವರ್ಷದವರೆಗೆ ಸೆರೆವಾಸ ಎಂದು ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮ ಜನ ಚಪ್ಪಾಳೆಗೆ ಉದಾರಿಗಳು, ಲಿಫ್ಟಿಗೆ ಜಿಪುಣರು. ಮಾಮ ಬಾಡಿಗೆಗಿದ್ದ ಕೋಣೆಯ ಮಾಲಕರೂ ಸ್ವಲ್ಪ ದಿನ ಬೇರೆ ಕಡೆ ನೋಡಿಕೊಳ್ಳಿ ಎಂದರು. ಜಗಳ ಮಾಡದೆ ಹಾಸಿಗೆ ಸುತ್ತಿಕೊಂಡು ಬಂದು, ದಾರಿ ತೆರೆದ ಮೇಲೆ ಹುಡುಗರು ಊರಿಗೆ ಹೋಗಿ ಖಾಲಿಯಾಗಿದ್ದ ಹೋಟೆಲಿನ ಮಾಳಿಗೆಯಲ್ಲಿ ಮಲಗಿದರು.

ಕೇಂದ್ರ ಸರಕಾರದ 50 ಲಕ್ಷ ರೂಪಾಯಿ ವಿಮೆಯ ಆದೇಶದಲ್ಲಿ ಖಾಸಗಿ ಆಸ್ಪತ್ರೆಯ ಸಿಬ್ಬಂದಿ, ನಿವೃತ್ತರು, ಗುತ್ತಿಗೆಯವರು, ದಿನಗೂಲಿಯವರು ಎಂಬ ಸಾಲಿನಲ್ಲಿ 'ಸ್ವಯಂಸೇವಕ' ಎಂಬ ಶಬ್ದವೂ ಇತ್ತು. ಆದರೆ ಸರಕಾರ ಕೆಲಸಕ್ಕೆ ಕರೆಸಿಕೊಂಡದ್ದಕ್ಕೆ ದಾಖಲೆ ಬೇಕು. ಇಡ್ಲಿ ಪಾರ್ಸೆಲ್ಲು ಹಿಡಿದು ಬಂದವನಿಗೆ ಎಲ್ಲಿಯ ದಾಖಲೆ?

ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಆ ವರ್ಷ ಗಣೇಶನ ಹಬ್ಬಕ್ಕೇ ಲಾಲ್‌ಬಾಗಿನ ರಾಜ ಕೂರಲಿಲ್ಲ, ಅದರ ಬದಲಿಗೆ ರಕ್ತದಾನ, ಪ್ಲಾಸ್ಮಾ ದಾನ ನಡೆದಿತ್ತು. ಸರಕಾರ ಸಾರ್ವಜನಿಕ ಗರ್ಬಾ ಬೇಡ ಎಂದಿತು. ಊರಿಗೆಲ್ಲ ಗರ್ಬಾ ಇಲ್ಲದ ಆ ನವರಾತ್ರಿಯಲ್ಲಿ ಗರ್ಬಾ ಆದದ್ದು ನೆಸ್ಕೋದ ಕೋವಿಡ್ ಹಾಲಿನಲ್ಲಿ. ಪಿಪಿಇ ತೊಟ್ಟ ಸಿಬ್ಬಂದಿ ರೋಗಿಗಳ ಜೊತೆ ಸುತ್ತು ಕಟ್ಟಿ ಕುಣಿದ ವಿಡಿಯೋ ದೇಶವೆಲ್ಲ ಸುತ್ತಿತು, ನೀವೂ ನೋಡಿರಬಹುದು. ಫೋನಿನ ಪರದೆಯಲ್ಲಿ ಕಾಣದಿರುವುದು ಸುತ್ತಿನ ಹೊರಗಿನದ್ದು. ಆಕ್ಸಿಜನ್ ಕೊಳವೆ ಬಿಟ್ಟು ಏಳಲಾಗದವರು ಮಂಚದ ಮೇಲೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ, ಕುಣಿಯುವವರ ಬೆರಳಿಗೆ ಆಕ್ಸಿಮೀಟರು ಸಿಕ್ಕಿಸಲು ಒಬ್ಬರು ಹಿಂದೆ ಓಡುತ್ತಿರುತ್ತಾರೆ. ಕೆಲವರಿಗೆ ಇದು ಆಸ್ಪತ್ರೆಯ ಶಿಸ್ತಿಗೆ ಭಂಗವೆನಿಸಿತು. ನನಗೆ ಹಾಗನಿಸಿಲ್ಲ. ಪ್ರತಿವರ್ಷ ಟಿಕೆಟು ಕೊಂಡು ಇದೇ ಆವರಣಕ್ಕೆ ಕುಣಿಯಲು ಬರುತ್ತಿದ್ದವರು ಆ ಮಂಚಗಳ ಮೇಲೂ ಇದ್ದರು. ಅವರು ಮಲಗಿದ್ದಾರೆಂದು ಹಬ್ಬಕ್ಕೆ ಬೇರೆ ವಿಳಾಸ ಹುಡುಕಬೇಕಾಗಿರಲಿಲ್ಲ.

ಸಾವಿನ ಸುದ್ದಿ ಹೇಳುವುದು ಸ್ವಯಂಸೇವಕರ ಕೆಲಸವಾಗಿರಲಿಲ್ಲ. ಅದನ್ನು ಡಾಕ್ಟರುಗಳೇ ಫೋನು ಮಾಡಿ ತಿಳಿಸುತ್ತಿದ್ದರು. ಮಾಮನ ಪಾಲಿಗೆ ಬರುತ್ತಿದ್ದದ್ದು ಚೀಲವನ್ನು ಹೊರಗೆ ತರುವುದು. ಒಳಗೆ ಒಯ್ದ ಅದೇ ಚೀಲ, ಅದೇ ಚೀಟಿ. ವಸ್ತುಗಳ ಪಟ್ಟಿ ಓದಿ, ಸಹಿ ಹಾಕಿಸಿಕೊಂಡು ಕೊಡಬೇಕು. ಲುಂಗಿ ಎರಡು, ಬೈರಾಸು ಒಂದು, ಕನ್ನಡಕ ಒಂದು, ಮೊಬೈಲು ಒಂದು, ಚಾರ್ಜರು ಒಂದು. ಓದುವಾಗ ತಲೆ ಎತ್ತಬಾರದು, ಎತ್ತಿದರೆ ಓದು ಮುಂದುವರಿಯುವುದಿಲ್ಲ ಎಂದು ಜೊತೆಗಿದ್ದ ಒಬ್ಬ ವಾರ್ಡ್ ಬಾಯ್ ಹೇಳಿಕೊಟ್ಟಿದ್ದನಂತೆ. ಒಮ್ಮೆ ಪಟ್ಟಿಯಲ್ಲಿದ್ದ ಮೊಬೈಲು ಓದುವ ಹೊತ್ತಿಗೆ ಸರಿಯಾಗಿ ಚೀಲದೊಳಗೇ ಬಡಿದುಕೊಂಡಿತು. ಊರಿನಿಂದ ಯಾರೋ, ವಿಷಯ ತಿಳಿಯದವರು. ಎದುರಿಗಿದ್ದ ಮಗ ಫೋನು ಎತ್ತಲಿಲ್ಲ. ನೀವೇ ಮಾತಾಡಿ ಎಂದು ಮಾಮನ ಕಡೆ ಚಾಚಿದ. ಮಾತಾಡಿದಿರಾ? ನಾನು ಕೇಳಿದೆ. "ಹೌದು ಮತ್ತೆ, ಇನ್ನು ಯಾರು ಮಾತಾಡುವುದು" ಎಂದರು, ಅಷ್ಟೆ.

ಅಕ್ಟೋಬರ್ 5ರಿಂದ ಮಹಾರಾಷ್ಟ್ರದಲ್ಲಿ ಹೋಟೆಲುಗಳಲ್ಲಿ ಕೂತು ತಿನ್ನಲು ಅನುಮತಿ ಬಂದಿತ್ತು. ಹುಡುಗರು ಒಬ್ಬೊಬ್ಬರಾಗಿ ಊರಿನಿಂದ ಮರಳಿದ ಮೇಲೆ ಮಾಮ ಗಲ್ಲೆಗೆ ಹಿಂತಿರುಗಿದರು. 2021ರ ಮಾರ್ಚ್ 1ಕ್ಕೆ ಹಿರಿಯರಿಗೆ ಲಸಿಕೆ ಶುರುವಾದಾಗ ನೆಸ್ಕೋ ಲಸಿಕೆಯ ಕೇಂದ್ರವೂ ಆಯಿತು. ಗೇಟಿನಲ್ಲಿ ಈಗ ಚೀಲಗಳಿಗೆ ಬದಲು ಆಧಾರ್ ಕಾರ್ಡು ಹಿಡಿದ ಮುದುಕರ ಸಾಲು. ಹೋಟೆಲಿನಲ್ಲಿ ಬಿಲ್ಲು ಕೊಡಲು ಬಂದ ಕೆಲವರು ಮಾಮನ ದನಿ ಕೇಳಿ ಒಂದು ಕ್ಷಣ ತಡೆದು ನೋಡುತ್ತಿದ್ದರು. ಮುಖ ಕಂಡಿದ್ದವರು ಯಾರಿದ್ದಾರೆ? ಚಿಲ್ಲರೆ ಕೊಟ್ಟು ಸುಮ್ಮನಾಗುತ್ತಿದ್ದರು.

ಏಪ್ರಿಲ್ 4ಕ್ಕೆ ಮುಂಬೈಯಲ್ಲಿ ಒಂದೇ ದಿನ 11,163 ಹೊಸ ಸೋಂಕು. ಹೋಟೆಲು ಮತ್ತೆ ಪಾರ್ಸೆಲ್ಲಿಗೆ ಇಳಿಯಿತು. ಮೊದಲ ಸಲ ಮಾಮ ನೆಸ್ಕೋಗೆ ಹೋದದ್ದು ಹೇಗೋ ಹೋಗಿಬಿಟ್ಟದ್ದು. ಈ ಸಲ ಅಲ್ಲಿ ಏನಿದೆ ಎಂದು ಗೊತ್ತಿದ್ದೂ ಹೋದರು. ಮನೆಯವರು ಊರಿನಿಂದ ಫೋನಿನಲ್ಲಿ ಅತ್ತರು, ಬೈದರು. ನನ್ನನ್ನು ಕೇಳಿದರೆ ಅವರ ಸೇವೆ ಶುರುವಾದದ್ದು ಈ ಎರಡನೆಯ ಸಲ. ಮೊದಲಿನದ್ದು ಪರೋಪಕಾರ ಮತ್ತು ಬೇಸರ ಎರಡೂ ಬೆರೆತದ್ದು. ಎರಡನೇ ಅಲೆಯಲ್ಲಿ ಗೇಟಿನ ಕೆಲಸ ಕಡಿಮೆಯಾಗಿ ಫೋನಿನ ಕೆಲಸ ಹೆಚ್ಚಿತು. ಲ್ಯಾಬಿನ ರಿಪೋರ್ಟು ಪಾಲಿಕೆಗೆ, ಪಾಲಿಕೆಯಿಂದ ವಾರ್ಡಿನ ವಾರ್ ರೂಮಿಗೆ, ಅಲ್ಲಿಂದ ಹಾಸಿಗೆ ಎಂಬ ವ್ಯವಸ್ಥೆ ಒಳ್ಳೆಯದೇ, ಆದರೆ ಫೋನಿನ ಆ ತುದಿಯಲ್ಲಿ ಮರಾಠಿಯಲ್ಲಿ ಕೇಳುವ ಪ್ರಶ್ನೆಗೆ ಉಸಿರುಗಟ್ಟಿದವರ ಹೆಂಡತಿ ಈ ತುದಿಯಲ್ಲಿ ಕನ್ನಡದಲ್ಲಿ ಅಳುತ್ತಿದ್ದರು. ಮಾಮ ನಡುವೆ ಕೂತರು. ವಯಸ್ಸು, ಆಕ್ಸಿಜನ್ ಎಷ್ಟು, ಸಕ್ಕರೆ ಕಾಯಿಲೆ ಇದೆಯಾ, ಪಿನ್ ಕೋಡು. ಏಪ್ರಿಲ್ 17ರ ರಾತ್ರಿಯ ಕತೆ ಊರಿಗೆಲ್ಲ ಗೊತ್ತು: ಪಾಲಿಕೆಯ ಆರು ಆಸ್ಪತ್ರೆಗಳಲ್ಲಿ ಆಕ್ಸಿಜನ್ ಮುಗಿಯುತ್ತಾ ಬಂದು 168 ರೋಗಿಗಳನ್ನು ರಾತ್ರೋರಾತ್ರಿ ಬೇರೆಡೆ ಸಾಗಿಸಲಾಯಿತು, ಒಬ್ಬರೂ ದಾರಿಯಲ್ಲಿ ಸಾಯಲಿಲ್ಲ. ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬರುತ್ತದೆಂದು ದಹಿಸರ್, ಬಾಂದ್ರಾ ಕುರ್ಲಾ ಸಂಕೀರ್ಣ, ಮುಲುಂಡ್ ಮೂರೂ ಕಡೆಯ ಡೇರೆ ಆಸ್ಪತ್ರೆಗಳಿಂದ 580 ಮಂದಿಯನ್ನು ಸ್ಥಳಾಂತರಿಸಿದರು. ನೆಸ್ಕೋದ್ದು ಗಟ್ಟಿ ಚಾವಣಿ. ಮೇ 17ರಂದು ಹೈವೇ ಬದಿಯ ಮರಗಳು ಉರುಳುತ್ತಿದ್ದಾಗ ಹಾಲಿನೊಳಗೆ ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಯಾರಿಗೂ ನಿದ್ದೆ ಇಲ್ಲ. ಊರಿನ ಮಳೆ ಹೇಗಿರುತ್ತದೆ, ನಾಗರಪಂಚಮಿಗೆ ಎಷ್ಟು ನೀರು ಏರುತ್ತದೆ ಎಂದು ಮಾಮ ಒಬ್ಬ ಮರಾಠಿ ಅಜ್ಜನಿಗೆ ಅರ್ಧ ರಾತ್ರಿ ವರದಿ ಒಪ್ಪಿಸಿದರಂತೆ.

ಹಾಲ್‌ಗಳು ಈಗ ಮೇಳಗಳಿಗೆ ಮರಳಿವೆ. ಗರ್ಬಾವೂ ಬಂತು, ಟಿಕೆಟಿನ ದರ ಏರಿಸಿಕೊಂಡು. ತಾತ್ಕಾಲಿಕ ಕೆಲಸಕ್ಕೆ ಬಂದಿದ್ದ ನರ್ಸುಗಳು, ವಾರ್ಡ್ ಬಾಯ್‌ಗಳು ಚದುರಿದರು. ಮಾಮನಿಗೆ ಒಂದು ಸಂಘದವರು ಶಾಲು ಹೊದಿಸಿದರು. ಫೋಟೋದಲ್ಲಿ ಅವರೂ ಇದ್ದಾರೆ, ಹನ್ನೊಂದು ಜನ ಗಣ್ಯರ ಹಿಂದೆ.

ಕೆಲಸ ಮಾತ್ರ ಬಿಟ್ಟಿಲ್ಲ, ಅಥವಾ ಕೆಲಸ ಅವರನ್ನು ಬಿಟ್ಟಿಲ್ಲ. ಆ ಎರಡು ವರ್ಷ ಅವರ ನಂಬರು ಎಷ್ಟು ಫೋನುಗಳಲ್ಲಿ 'ಗೋರೆಗಾಂವ್ ಬೆಡ್ ಮಾಮ' ಎಂದು ಸೇವ್ ಆಯಿತೋ ಲೆಕ್ಕವಿಲ್ಲ. ಈಗಲೂ ಮಧ್ಯಾಹ್ನದ ಊಟದ ಗದ್ದಲದಲ್ಲಿ, ಎರಡು ರೈಸ್ ಪ್ಲೇಟಿನ ಬಿಲ್ಲು ಹರಿಯುವಾಗ, ಫೋನು ಬರುತ್ತದೆ. ಡಯಾಲಿಸಿಸ್ ಎಲ್ಲಿ ಕಡಿಮೆಗೆ ಆಗುತ್ತದೆ, ಕೂಪರಿನಲ್ಲಿ ಮೂಳೆ ಡಾಕ್ಟರು ಯಾವ ದಿನ, ಜೋಗೇಶ್ವರಿಯ ಟ್ರಾಮಾ ಆಸ್ಪತ್ರೆಗೆ ಹೇಗೆ ಹೋಗುವುದು, ಅಪ್ಪನಿಗೆ ಹೃದಯದ ಆಪರೇಷನ್ ಅಂತೆ, ದುಡ್ಡಿಲ್ಲ. ಕಳೆದ ಸಲ ನಾನು ಹೋದಾಗ ಫೋನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಗಿರಾಕಿಗೆ ಚಿಲ್ಲರೆ ಎಣಿಸುತ್ತ, ಮಹಾರಾಷ್ಟ್ರ ಸರಕಾರದ ಉಚಿತ ಚಿಕಿತ್ಸೆಯ ಜ್ಯೋತಿಬಾ ಫುಲೆ ಯೋಜನೆಯ ಬಗ್ಗೆ ಯಾರಿಗೋ ಬಿಡಿಸಿ ಹೇಳುತ್ತಿದ್ದರು. ರೇಷನ್ ಕಾರ್ಡು ಇದೆಯಾ? ಊರಿನದ್ದಾ, ಇಲ್ಲಿಯದ್ದಾ? ಊರಿನದ್ದಾದರೆ ನಡೆಯುವುದಿಲ್ಲ. ಇಲ್ಲಿಯ ಕಾರ್ಡು, ಆಧಾರ್, ಎರಡರ ಜೆರಾಕ್ಸು ತೆಗೆದುಕೊಂಡು ನಾಳೆ ಹನ್ನೊಂದಕ್ಕೆ ಹೋಟೆಲಿಗೇ ಬನ್ನಿ. ಬೆಳಗ್ಗೆ ಬೇಡ, ಬೆಳಗ್ಗೆ ಇಡ್ಲಿಯ ರಷ್ ಇರುತ್ತದೆ.